ಜೀಮೇಲ್ ತುಂಬಿದಾಗ: ಅಳಿಸುವುದೋ, ಕೊಳ್ಳುವುದೋ, ಇಳಿಸಿಕೊಳ್ಳುವುದೋ?

ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿರುವ ನಮ್ಮದು ಸಣ್ಣ ಡಿಟಿಪಿ ಅಂಗಡಿ. ಬ್ರಹ್ಮಕಲಶೋತ್ಸವದ ಆಮಂತ್ರಣವಿರಲಿ, ಮದುವೆಯ ಹೇಳಿಕೆ ಕಾಗದವಿರಲಿ, ಶಾಲೆಯ ಸ್ಮರಣ ಸಂಚಿಕೆಯಿರಲಿ, ಫೋಟೋಗಳೂ ಪ್ರೂಫ್‌ಗಳೂ ಹೋಗಿ ಬರುವುದು ಮೇಲ್‌ನಲ್ಲಿಯೇ. ಕನ್ನಡ, ಮಲಯಾಳ ಎರಡರಲ್ಲೂ ಅಚ್ಚಾಗಬೇಕಾದ ಕಾಗದಕ್ಕೆ ಪ್ರೂಫ್ ಕೂಡ ಎರಡು ಪಟ್ಟು. ಗೂಗಲ್ ಉಚಿತವಾಗಿ ಕೊಡುವ 15 ಜಿಬಿ ಜಾಗವನ್ನು ಜೀಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳುವುದರಿಂದ ಇಂಥ ಅಂಗಡಿಯ ಖಾತೆ ತುಂಬುವುದು ಸಹಜ. ತುಂಬಿದ ಮೇಲೆ ಪತ್ರ ಕಳುಹಿಸಲೂ ಆಗುವುದಿಲ್ಲ, ಬಂದದ್ದು ಕಳುಹಿಸಿದವರಿಗೇ ಹಿಂದಿರುಗುತ್ತದೆ. ಇದಕ್ಕೆ ಪರಿಹಾರವೆಂದು ಹೇಳಲಾಗುವ ನಾಲ್ಕು ದಾರಿಗಳನ್ನು ನಾನು ಬಳಸಿ ನೋಡಿದ್ದೇನೆ. ನಾಲ್ಕೂ ಒಂದೇ ಯೋಗ್ಯತೆಯವಲ್ಲ.

ಯಾವ ದಾರಿ ಹಿಡಿಯುವ ಮೊದಲೂ ಗೂಗಲ್ ಒನ್‌ನ ಸಂಗ್ರಹಣೆಯ ಪುಟವನ್ನು ತೆರೆದು, ಮೂರರಲ್ಲಿ ಯಾವುದು ಎಷ್ಟು ಜಾಗ ಹಿಡಿದಿದೆ ಎಂದು ನೋಡಬೇಕು. 2021ರ ಜೂನ್ 1ರಿಂದ ಫೋಟೋಸ್‌ಗೆ ಏರಿಸುವ ಹೊಸ ಚಿತ್ರಗಳೆಲ್ಲ ಸಾಮಾನ್ಯವಾಗಿ ಈ ಲೆಕ್ಕಕ್ಕೇ ಸೇರುತ್ತವೆ; ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಕೂಡ ಈಗ ಇದೇ ಜಾಗವನ್ನು ತಿನ್ನುತ್ತದೆ. ಫೋನಿನ ವಿಡಿಯೋಗಳಿಂದ ತುಂಬಿದ ಖಾತೆಯಲ್ಲಿ ಮೇಲ್ ಅಳಿಸುತ್ತಾ ಕುಳಿತರೆ ದಿನ ಕಳೆಯುತ್ತದೆ, ಜಾಗ ಮಾತ್ರ ಸಿಗುವುದಿಲ್ಲ.

ಮೊದಲನೆಯ ದಾರಿ ಅಳಿಸುವುದು. ಹೆಚ್ಚಿನವರು ಜಾಹೀರಾತಿನ ಪತ್ರಗಳಿಂದ ಶುರುಮಾಡುತ್ತಾರೆ. ಸಾವಿರಾರು ಹೋದವೆಂಬ ಸಮಾಧಾನ ಸಿಗುತ್ತದೆಯೇ ಹೊರತು, ಅವುಗಳ ಚಿತ್ರಗಳು ಬಹುಪಾಲು ಹೊರಗಿನ ಸರ್ವರಿನಿಂದ ಬರುವುದರಿಂದ ಪತ್ರದ ತೂಕ ಅತ್ಯಲ್ಪ. ಭಾರವಿರುವುದು ಲಗತ್ತುಗಳಲ್ಲಿ. ಮೇಲ್‌ನಲ್ಲಿ ಸಾಗುವ ಕಡತವನ್ನು ಅಕ್ಷರಗಳ ರೂಪಕ್ಕೆ ಬದಲಾಯಿಸುವುದರಿಂದ ಅದರ ಗಾತ್ರ ಸುಮಾರು ಮೂರನೆಯ ಒಂದು ಪಾಲು ಹಿಗ್ಗುತ್ತದೆ. 15 ಎಂಬಿಯ ಪಿಡಿಎಫ್ ಕಳುಹಿಸಿದರೆ 20 ಎಂಬಿ ಜಾಗ ಹೋಯಿತೆಂದೇ ಲೆಕ್ಕ. ಹುಡುಕುವ ಪೆಟ್ಟಿಗೆಯ ಬಲತುದಿಯ ಗುರುತನ್ನು ಒತ್ತಿದರೆ ಗಾತ್ರ, ದಿನಾಂಕ, ಲಗತ್ತು ಇವನ್ನು ಕೇಳುವ ಪಟ್ಟಿ ತೆರೆಯುತ್ತದೆ. ಅಲ್ಲಿ 10 ಎಂಬಿಗಿಂತ ದೊಡ್ಡದು ಎಂದು ಕೊಟ್ಟರೆ ಅಂಗಡಿಯ ಹಳೆಯ ಪ್ರೂಫ್‌ಗಳೆಲ್ಲ ಸಾಲಾಗಿ ಎದುರಿಗೆ ಬರುತ್ತವೆ: ‘ಫೈನಲ್’, ಅದರ ಬೆನ್ನಿಗೆ ‘ಫೈನಲ್ ತಿದ್ದಿದ್ದು’, ಮತ್ತೆ ಸಮಿತಿಯವರ ಹೆಸರೊಂದು ಬಿಟ್ಟುಹೋಯಿತೆಂದು ‘ಫೈನಲ್ ಹೊಸತು’.

ಈ ದಾರಿಯಲ್ಲಿ ಒಂದು ಅಪಾಯವಿದೆ. ಜೀಮೇಲ್ ಒಂದು ವಿಷಯದ ಪತ್ರಗಳನ್ನೆಲ್ಲ ಒಂದೇ ಸರಣಿಯಾಗಿ ತೋರಿಸುತ್ತದೆ. ಭಾರದ ಪತ್ರವೊಂದನ್ನು ಆರಿಸಿ ಅಳಿಸಿದರೆ ಸರಣಿಯೇ ಪೂರ್ತಿ ಹೋಗುತ್ತದೆ, ಅದರೊಡನೆ ‘ಇದೇ ಸರಿ, ಅಚ್ಚು ಹಾಕಿ’ ಎಂದು ಗಿರಾಕಿ ಬರೆದ ಒಪ್ಪಿಗೆಯೂ ಹೋಗುತ್ತದೆ. ಆದ್ದರಿಂದ ಸೆಟ್ಟಿಂಗ್ಸ್‌ನಲ್ಲಿ ಕಾನ್ವರ್ಸೇಷನ್ ವ್ಯೂ ಎಂಬುದನ್ನು ಆಫ್ ಮಾಡಿಯೇ ಈ ಕೆಲಸಕ್ಕೆ ಇಳಿಯಬೇಕು. ಲಗತ್ತನ್ನಷ್ಟೇ ತೆಗೆದು ಪತ್ರವನ್ನು ಉಳಿಸಿಕೊಳ್ಳುವ ಸೌಕರ್ಯ ಜೀಮೇಲ್‌ನ ವೆಬ್ ಪುಟದಲ್ಲಿಲ್ಲ. ಅಳಿಸಿದ್ದು 30 ದಿನ ಟ್ರ್ಯಾಷ್‌ನಲ್ಲಿರುತ್ತದೆ, ಅಲ್ಲಿಂದಲೂ ಖಾಲಿ ಮಾಡಿದರೆ ಮಾತ್ರ ಜಾಗ ಕೂಡಲೇ ಸಿಗುತ್ತದೆ. ಆರ್ಕೈವ್ ಮಾಡಿದರೆ, ಅಂದರೆ ಇನ್‌ಬಾಕ್ಸ್‌ನಿಂದಷ್ಟೇ ಸರಿಸಿದರೆ, ಏನೂ ಬಿಡುವಾಗುವುದಿಲ್ಲ. 25 ಎಂಬಿ ಮೀರಿ ಡ್ರೈವ್ ಕೊಂಡಿಯಾಗಿ ಹೋದ ಕಡತವಂತೂ ಪತ್ರ ಅಳಿಸಿದ ಮೇಲೂ ಕಳುಹಿಸಿದವರ ಡ್ರೈವ್‌ನಲ್ಲಿ ಹಾಗೆಯೇ ಉಳಿದಿರುತ್ತದೆ.

ಎರಡನೆಯದು ಹಣ ಕೊಟ್ಟು ಜಾಗ ಕೊಳ್ಳುವುದು. ನಾನು ಕೊಂಡಾಗ 100 ಜಿಬಿಗೆ ತಿಂಗಳಿಗೆ 130 ರೂಪಾಯಿ, ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ 1300 ಇತ್ತು. ಮನೆಯ ಇನ್ನೂ ಐದು ಮಂದಿಯೊಡನೆ ಹಂಚಿಕೊಳ್ಳಬಹುದಾದ್ದರಿಂದ, ಮಗನ ಫೋಟೋಗಳೂ ಮನೆಯವರ ಫೋನುಗಳೂ ಒಂದೇ ಯೋಜನೆಯಲ್ಲಿ ನಡೆಯುವ ಕುಟುಂಬಕ್ಕೆ ಇದು ದುಬಾರಿಯಲ್ಲ. ಮದುವೆಯ ಸೀಸನ್ನಿನ ನಡುವೆ ಪೆಟ್ಟಿಗೆ ತುಂಬಿದಾಗ ಇದಕ್ಕಿಂತ ಶೀಘ್ರ ಉಪಾಯವೂ ಇಲ್ಲ. ಆದರೆ ಬರೀ ಹಳೆಯ ಪ್ರೂಫ್‌ಗಳನ್ನು ಇಟ್ಟುಕೊಳ್ಳುವುದಕ್ಕೆ ಬಾಡಿಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಕಟ್ಟುವುದನ್ನು ನಿಲ್ಲಿಸಿ ಮಿತಿ ಮೀರಿದರೆ ಮತ್ತೆ ಪತ್ರ ಬರುವುದು ನಿಲ್ಲುತ್ತದೆ, ಎರಡು ವರ್ಷ ಹಾಗೆಯೇ ಬಿಟ್ಟರೆ ಒಳಗಿದ್ದದ್ದನ್ನು ಗೂಗಲ್ ಅಳಿಸಿಹಾಕಬಹುದು.

ಇನ್ನೊಂದು ಖಾತೆ ತೆರೆಯುವ ಉಪಾಯವನ್ನು ಬೇಗ ಮುಗಿಸಿಬಿಡಬಹುದು. ಔಟ್‌ಲುಕ್‌ನಲ್ಲಿ ಉಚಿತ ಪೆಟ್ಟಿಗೆ 15 ಜಿಬಿಯದೆಂದು ಕಾಣುತ್ತದೆ. ಆದರೆ 2023ರಿಂದ ಲಗತ್ತುಗಳು ಮೈಕ್ರೋಸಾಫ್ಟ್‌ನ 5 ಜಿಬಿ ಕ್ಲೌಡ್ ಲೆಕ್ಕಕ್ಕೂ ಸೇರುತ್ತವೆ. ಲಗತ್ತುಗಳಿಂದಲೇ ಬದುಕುವ ಅಂಗಡಿಗೆ ಹಾಗಾಗಿ ನಿಜವಾದ ಮಿತಿ ಆ 5 ಜಿಬಿ. ಅದಲ್ಲದೆ ಹಳೆಯ ವಿಳಾಸ ಅಚ್ಚಾಗಿರುವ ಬಿಲ್ ಪುಸ್ತಕ, ಬೋರ್ಡು ಎಲ್ಲವನ್ನೂ ಬದಲಿಸಬೇಕಾಗುತ್ತದೆ.

ನಾನು ಕೊನೆಗೆ ನೆಚ್ಚಿಕೊಂಡದ್ದು ಸ್ವಂತ ಕಂಪ್ಯೂಟರಿಗೆ ಇಳಿಸಿಕೊಳ್ಳುವ ದಾರಿ. ಗೂಗಲ್ ಟೇಕೌಟ್ ಮೂಲಕ ಎಲ್ಲ ಪತ್ರಗಳನ್ನು ಎಂಬಾಕ್ಸ್ (ಪತ್ರಗಳನ್ನು ಒಟ್ಟಿಗೆ ಸೇರಿಸಿಡುವ ರೂಪ) ಕಡತವಾಗಿ ಪಡೆಯಬಹುದು. ಇಳಿಸುವ ಕೊಂಡಿ ಸುಮಾರು ಒಂದು ವಾರವಷ್ಟೇ ಇರುತ್ತದೆ. ಆಟಿಯ ಮಳೆಗೆ ಕರೆಂಟು, ನೆಟ್ಟು ಎರಡೂ ಕೈಕೊಡುವ ನಮ್ಮಲ್ಲಿ ದೊಡ್ಡ ಕಡತಕ್ಕಿಂತ 2 ಜಿಬಿಯ ತುಂಡುಗಳನ್ನು ಆರಿಸುವುದೇ ಲೇಸು. ಮೊಜಿಲ್ಲಾದ ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶ ಇದಕ್ಕಿಂತಲೂ ಅನುಕೂಲವೆನಿಸಿತು: ವರ್ಷಕ್ಕೊಂದರಂತೆ ಕಂಪ್ಯೂಟರಿನಲ್ಲೇ ಇರುವ ಲೋಕಲ್ ಫೋಲ್ಡರ್ ಮಾಡಿ, ಆಯಾ ವರ್ಷದ ಪತ್ರಗಳನ್ನು ಅದರೊಳಗೆ ನಕಲಿಸುವುದು. ಹೋದ ವರ್ಷದ ಆಮಂತ್ರಣದಲ್ಲಿ ತಂತ್ರಿಗಳ ಹೆಸರನ್ನು ಹೇಗೆ ಹಾಕಿದ್ದೆವೆಂದು ಯಾರಾದರೂ ಕೇಳಿದರೆ ನೆಟ್ಟಿಲ್ಲದೆಯೂ ಹುಡುಕಿ ತೋರಿಸಬಹುದು.

ಇಲ್ಲಿಯೂ ಒಂದು ಸೂಕ್ಷ್ಮವಿದೆ. ಇನ್‌ಬಾಕ್ಸ್‌ನಿಂದ ಎಳೆದು ಲೋಕಲ್ ಫೋಲ್ಡರಿಗೆ ಹಾಕಿದ ಪತ್ರ ಕಣ್ಣಿಗೆ ಮರೆಯಾದರೂ ಜೀಮೇಲ್‌ನಲ್ಲಿ ಎಲ್ಲ ಪತ್ರಗಳನ್ನೂ ತೋರಿಸುವ ಆಲ್ ಮೇಲ್‌ನಲ್ಲಿ ಉಳಿದಿರಬಹುದು, ಹಾಗಿದ್ದರೆ ಜಾಗವೂ ಬಿಡುವಾಗುವುದಿಲ್ಲ. ಆದಕಾರಣ ಮೊದಲು ನಕಲಿಸಿ, ನೆಟ್ ಸಂಪರ್ಕ ತಪ್ಪಿಸಿ ಕೆಲವು ಪಿಡಿಎಫ್‌ಗಳು ತೆರೆಯುತ್ತವೆಯೇ ಎಂದು ನೋಡಿ, ಅನಂತರ ಅದೇ ದಿನಾಂಕಗಳ ಭಾರದ ಪತ್ರಗಳನ್ನು ಜೀಮೇಲ್ ಪುಟದಲ್ಲಿ ಹುಡುಕಿ ಅಳಿಸುತ್ತೇನೆ. ಚಿಕ್ಕ ಪತ್ರಗಳನ್ನು ಅಲ್ಲಿಯೇ ಬಿಡುತ್ತೇನೆ. ತುಲಾ ತಿಂಗಳ ಸಿಡಿಲಿಗೆ ಮೋಡೆಮ್ಮಿನಿಂದ ಹಿಡಿದು ಕಂಪ್ಯೂಟರ್‌ವರೆಗೆ ಸುಟ್ಟುಹೋಗುವ ಊರು ನಮ್ಮದಾದ್ದರಿಂದ, ಥಂಡರ್‌ಬರ್ಡ್ ತನ್ನ ಪತ್ರಗಳನ್ನು ಇಡುವ ಪ್ರೊಫೈಲ್ ಫೋಲ್ಡರಿನ ಇನ್ನೊಂದು ಪ್ರತಿ ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿರುತ್ತದೆ, ಆ ಡಿಸ್ಕ್ ಅಂಗಡಿಯಲ್ಲಿರದೆ ಮನೆಯಲ್ಲಿರುತ್ತದೆ.