ಗೆದ್ದವರ ಪಟ್ಟಿಗೆ 120 ರೂಪಾಯಿ

ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಹೊಳೆನರಸೀಪುರದ ಬಸ್ಸಿಗೆ ಕಾಯುತ್ತಿದ್ದಾಗ ಅಲ್ಲಿನ ಪುಸ್ತಕದಂಗಡಿಯಲ್ಲಿ ಇದು ಕಣ್ಣಿಗೆ ಬಿತ್ತು. ಹೊಳೆನರಸೀಪುರ ವಿಧಾನಸಭಾ ಕ್ಷೇತ್ರದ ಇತಿಹಾಸ ಅಂತೆ. 64 ಪುಟ, 120 ರೂಪಾಯಿ. ಪೊಲೀಸ್ ಪರೀಕ್ಷೆ ಗೈಡುಗಳ ಮಧ್ಯೆ ಸಿಕ್ಕಿಹಾಕಿಕೊಂಡಿತ್ತು. ಬಸ್ಸು ಇನ್ನೂ ಬಂದಿರಲಿಲ್ಲ, ತಗೊಂಡೆ. ಬರೆದವರ ಹೆಸರು, ಪ್ರಕಾಶಕರ ಹೆಸರು ಇಲ್ಲಿ ಹಾಕಲ್ಲ. ನಮ್ಮ ಜಿಲ್ಲೆಯವರೇ, ಸುಮ್ನೆ ಯಾಕೆ.

ಕಾಗದ ಪರವಾಗಿಲ್ಲ. ಅಕ್ಷರ ದೊಡ್ಡದು, ಕನ್ನಡಕ ಮರೆತು ಬಂದವರೂ ಓದಬಹುದು. ಪಿನ್ ಮಾತ್ರ ದಂಡ. ಬಸ್ಸು ಮೊಸಳೆಹೊಸಹಳ್ಳಿ ದಾಟುವಷ್ಟರಲ್ಲಿ ನಡುವಿನ ಹಾಳೆ ಕೈಗೇ ಬಂತು. ಅದೂ 1985 ಮತ್ತು 1989 ಇರುವ ಹಾಳೆ, ಅಂದರೆ ಇಡೀ ಪುಸ್ತಕದಲ್ಲಿ ಅತಿ ಮುಖ್ಯವಾದದ್ದು!

ನನ್ನ ದೊಡ್ಡಪ್ಪ ಹಳ್ಳಿಮೈಸೂರು ಕಡೆಯವರು. 1972ರಿಂದ ಒಂದು ಚುನಾವಣೆಯನ್ನೂ ಬಿಟ್ಟವರಲ್ಲ. ಪುಸ್ತಕ ಕೊಟ್ಟೆ. ಜಗಲಿ ಮೇಲೆ ಕೂತು ಕೊನೆಯ ಪಟ್ಟಿಯನ್ನು ಬೆರಳಿಟ್ಟು ಓದಿದರು. ಆಮೇಲೆ ಹಿಂದೆ ಮುಂದೆ ತಿರುವಿ ಹಾಕಿ ಕೇಳಿದರು: "ಗೆದ್ದೋರ್ ಹೆಸ್ರು ನಂಗೇ ಬತ್ತದಲ್ಲ ಮಗ, ಸೋತೋರ್ದು ಎಲ್ಲೈತೆ?"

ಇಲ್ಲ. ಎಲ್ಲೂ ಇಲ್ಲ. ವರ್ಷ, ಹೆಸರು, ಪಕ್ಷ, ಅಷ್ಟೇ. ಎದುರಿಗೆ ಯಾರು ನಿಂತಿದ್ದರು, ಎಷ್ಟು ಓಟಿನಲ್ಲಿ ಸೋತರು, ಒಂದೂ ಇಲ್ಲ. ನನ್ನ ದೊಡ್ಡ ತಕರಾರು ಇದೇ. ಬರೀ ಗೆದ್ದವರನ್ನು ಸಾಲಾಗಿ ಓದಿದರೆ ಈ ಕ್ಷೇತ್ರ ಒಂದೇ ಮನೆಯ ಜಮೀನಿನ ಪಹಣಿ ಥರ ಕಾಣುತ್ತೆ. 1962ರಿಂದ 1985ರವರೆಗೆ ಆರು ಸಲ ದೇವೇಗೌಡರು. 1994ರಲ್ಲಿ ರೇವಣ್ಣ, ಆಮೇಲೆ 2004ರಿಂದ 2023ರವರೆಗೆ ಮತ್ತೆ ಐದು ಸಲ ರೇವಣ್ಣ. ನಡುವೆ ಬೇರೆಯವರ ಎರಡು ಹೆಸರು ಬರುತ್ತವೆ, ಅಚ್ಚಿನ ತಪ್ಪೇನೋ ಅನ್ನಿಸೋ ಹಾಗೆ.

ಆ ಎರಡು ಹೆಸರಲ್ಲೇ ಇರೋದು ಕಥೆ.

1985ರಲ್ಲಿ ದೇವೇಗೌಡರು ಇಲ್ಲೂ ಸಾತನೂರಲ್ಲೂ ನಿಂತು ಎರಡೂ ಕಡೆ ಗೆದ್ದಿದ್ದರು. ನಾಲ್ಕೇ ವರ್ಷ. 1989ರಲ್ಲಿ ಇಲ್ಲೂ ಕನಕಪುರದಲ್ಲೂ ನಿಂತು ಎರಡೂ ಕಡೆ ಸೋತರು. ಇಲ್ಲಿ ಸೋಲಿಸಿದ್ದು ಕಾಂಗ್ರೆಸ್ಸಿನ ಜಿ. ಪುಟ್ಟಸ್ವಾಮಿಗೌಡರು. ಆ ಸಲ ವೀರೇಂದ್ರ ಪಾಟೀಲರ ಕಾಂಗ್ರೆಸ್ 178 ಸೀಟು ಬಾಚಿತ್ತು, ಆ ಗಾಳಿ ಇಲ್ಲಿಗೂ ಬೀಸಿತು ಅನ್ನಬಹುದು. ಆದರೆ ಗಾಳಿ ಅಂದುಬಿಟ್ಟರೆ ಮುಗೀತಾ? 1972ರಲ್ಲೂ ಕಾಂಗ್ರೆಸ್ ಗಾಳಿ ಇತ್ತಲ್ಲ, ಆಗ ಗೌಡರು ಗೆದ್ದು ವಿರೋಧ ಪಕ್ಷದ ನಾಯಕರೇ ಆದರು. ಈ ಥರ ಒಂದು ಪ್ರಶ್ನೆಯನ್ನಾದರೂ ಪುಸ್ತಕ ಕೇಳಬೇಕಿತ್ತು. 1989ಕ್ಕೆ ಅದು ಕೊಟ್ಟಿರೋದು ಒಂದೂವರೆ ಸಾಲು. 1996ರ ಜೂನ್ 1ರ ಪ್ರಮಾಣ ವಚನಕ್ಕೆ ಐದು ಪುಟ, ಫೋಟೋ ಸಮೇತ. ಹೆಮ್ಮೆ ಇರಲಿ, ನಮಗೂ ಇದೆ. ಹರದನಹಳ್ಳಿಯಲ್ಲಿ ಹುಟ್ಟಿದವರು ಪ್ರಧಾನಿ ಆಗೋದು ಸಣ್ಣ ಮಾತಲ್ಲ. ಆದರೆ ಪುಸ್ತಕದ ಹೆಸರು ಕ್ಷೇತ್ರದ ಇತಿಹಾಸ ಅಲ್ವಾ?

1999 ಇನ್ನೂ ರುಚಿ. ವಿಧಾನಸಭೆ, ಲೋಕಸಭೆ ಎರಡೂ ಒಟ್ಟಿಗೆ ನಡೆದ ವರ್ಷ. ಪ್ರಧಾನಿ ಕುರ್ಚಿಯಿಂದ ಇಳಿದು ಎರಡೂವರೆ ವರ್ಷವೂ ಆಗಿರಲಿಲ್ಲ, ಹಾಸನ ಲೋಕಸಭೆಯಲ್ಲಿ ದೇವೇಗೌಡರು ಸೋತರು, ಸೋಲಿಸಿದ್ದು ಮತ್ತೆ ಅದೇ ಪುಟ್ಟಸ್ವಾಮಿಗೌಡರು, ಅದೇ ಹೊತ್ತಿಗೆ ಹೊಳೆನರಸೀಪುರದಲ್ಲಿ ರೇವಣ್ಣ ಕಾಂಗ್ರೆಸ್ಸಿನ ಎ. ದೊಡ್ಡೇಗೌಡರಿಗೆ ಸೋತರು. ಅಪ್ಪ ಮಗ ಒಂದೇ ಚುನಾವಣೆಯಲ್ಲಿ! ಪುಸ್ತಕದಲ್ಲಿ 1999ರ ಸಾಲಿನಲ್ಲಿ ದೊಡ್ಡೇಗೌಡರ ಹೆಸರಿದೆ, ಅಷ್ಟೇ. ಓದಿದ ಹುಡುಗರಿಗೆ ಇವರು ಯಾರನ್ನು ಸೋಲಿಸಿದರು ಅಂತಲೇ ಗೊತ್ತಾಗಲ್ಲ.

ಸೋತವರ ಕಾಲಂ ಒಂದು ಇದ್ದಿದ್ದರೆ ಇನ್ನೊಂದು ಮನೆಯೂ ಕಾಣುತ್ತಿತ್ತು. ಪುಟ್ಟಸ್ವಾಮಿಗೌಡರ ಸೊಸೆ ಅನುಪಮಾ ಅವರು ರೇವಣ್ಣನ ಎದುರು ನಿಂತು ಸೋತವರು. ಅವರ ಮಗ ಶ್ರೇಯಸ್ ಪಟೇಲ್ 2023ರಲ್ಲಿ ನಿಂತು 3,152 ಓಟಿನಲ್ಲಿ ಸೋತರು. 2018ರಲ್ಲಿ ರೇವಣ್ಣನ ಅಂತರ 43 ಸಾವಿರಕ್ಕೂ ಜಾಸ್ತಿ ಇತ್ತು. ಅಲ್ಲಿಂದ ಇಲ್ಲಿಗೆ ಬಂದು ನಿಂತಿದ್ದನ್ನು ಪುಸ್ತಕ "ಸತತ ಐದನೇ ಜಯ" ಅಂತ ದಪ್ಪಕ್ಷರದಲ್ಲಿ ಹಾಕಿ ಮುಗಿಸುತ್ತೆ. ಮುಂದಿನ ವರ್ಷವೇ ಹಾಸನ ಲೋಕಸಭೆಯಲ್ಲಿ ಪ್ರಜ್ವಲ್ ರೇವಣ್ಣ ವಿರುದ್ಧ ಶ್ರೇಯಸ್ ಗೆದ್ದರು. 1999ರಲ್ಲಿ ತಾತಂದಿರು, 25 ವರ್ಷ ಆದಮೇಲೆ ಮೊಮ್ಮಕ್ಕಳು. ಇದನ್ನು ಬಿಟ್ಟು ಹೊಳೆನರಸೀಪುರದ ಇತಿಹಾಸ ಬರೆಯೋದು ಅಂದರೆ ಮುದ್ದೆ ಇಟ್ಟು ಸಾರು ಬಡಿಸದೆ ಎದ್ದು ಹೋದ ಹಾಗೆ.

ಇನ್ನು ತಪ್ಪುಗಳು. 1962ರ ಸಾಲಿನಲ್ಲಿ ದೇವೇಗೌಡರ ಮುಂದೆ "ಕಾಂಗ್ರೆಸ್" ಅಂತಿದೆ. ಅಲ್ಲ, ಪಕ್ಷೇತರ. ಕಾಂಗ್ರೆಸ್ ಟಿಕೆಟ್ ಸಿಗದೆ ಸ್ವತಂತ್ರವಾಗಿ ನಿಂತು ಗೆದ್ದಿದ್ದೇ ಅವರ ಮೊದಲ ಗೆಲುವು, ಆಗಿನ್ನೂ 28 ವರ್ಷ. ಇನ್ನೊಂದು, "ನಮ್ಮ ಶಾಸಕರಾಗಿದ್ದಾಗಲೇ ಮುಖ್ಯಮಂತ್ರಿಯಾದರು" ಅಂತ ಬರೆದಿದ್ದಾರೆ. 1994ರಲ್ಲಿ ಅವರು ಗೆದ್ದಿದ್ದು ರಾಮನಗರದಿಂದ. ಇಲ್ಲಿ ಗೆದ್ದಿದ್ದು ರೇವಣ್ಣ, ಅದನ್ನು ಅದೇ ಪುಸ್ತಕದ ಪಟ್ಟಿಯೇ ಹೇಳುತ್ತೆ! 1962, 67, 72 ಎಲ್ಲದಕ್ಕೂ "ಕರ್ನಾಟಕ ವಿಧಾನಸಭೆ" ಅಂತ ಹಾಕಿರೋದು ಸಣ್ಣ ವಿಷಯ, 1973ರ ನವೆಂಬರ್‌ವರೆಗೆ ರಾಜ್ಯದ ಹೆಸರು ಮೈಸೂರು ಅಂತಲೇ ಇತ್ತು. ಪರೀಕ್ಷೆಗೆ ಓದುವವರು ಇದನ್ನು ನಂಬಿಕೊಂಡರೆ ಕಷ್ಟ.

ನಕ್ಷೆ ಕೊಟ್ಟಿದ್ದಾರೆ, ಆದರೆ ಅದು ತಾಲೂಕಿನದು, ಕ್ಷೇತ್ರದ್ದಲ್ಲ. ಹಾಸನ ತಾಲೂಕಿನ ಶಾಂತಿಗ್ರಾಮದ ಕಡೆಯವರೂ ಹೊಳೆನರಸೀಪುರಕ್ಕೇ ಓಟು ಹಾಕೋದು. ನಕ್ಷೆ ನೋಡಿದರೆ ಶಾಂತಿಗ್ರಾಮವೇ ಇಲ್ಲ. 2008ರಿಂದ ಕ್ಷೇತ್ರಗಳ ಗಡಿ ಬದಲಾಗಿದೆ ಅನ್ನೋದು ಇಡೀ ಪುಸ್ತಕದಲ್ಲಿ ಒಂದು ಕಡೆಯೂ ಬರಲ್ಲ.

ಒಳ್ಳೇದು ಏನೂ ಇಲ್ವಾ ಅಂದರೆ, ಇದೆ. ಹಳೇ ಫೋಟೋಗಳು ಚೆನ್ನಾಗಿವೆ. ಹೇಮಾವತಿ ಹೊಳೆ ದಂಡೆಯ ಹಳೇ ಪೇಟೆಯ ಒಂದು ಕಪ್ಪು ಬಿಳುಪು ಚಿತ್ರವನ್ನು ದೊಡ್ಡಪ್ಪ ಹತ್ತು ನಿಮಿಷ ನೋಡಿದರು. ಭಾಷೆಯೂ ಸರಳ. ಆದರೆ ಅಂಕಿಅಂಶ ಬೇಕು ಅಂತ ಇದನ್ನು ಕೊಳ್ಳಬೇಡಿ. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಒಂದೊಂದು ಚುನಾವಣೆಯ ವರದಿಯೂ ಪುಕ್ಕಟೆ ಸಿಗುತ್ತೆ, ಠೇವಣಿ ಕಳೆದುಕೊಂಡವರ ಓಟು ಎಷ್ಟು ಅನ್ನೋದೂ ಇರುತ್ತೆ. ಇಂಗ್ಲಿಷಿನಲ್ಲಿದೆ ಅನ್ನೋದೊಂದೇ ತೊಂದರೆ.

ಐದಕ್ಕೆ ಎರಡು. ಅರ್ಧ ಜಾಸ್ತಿ ಕೊಡೋಣ ಅಂತಿದ್ದೆ, ಪಿನ್ ನೆನಪಾಯಿತು. ನನ್ನ ಪ್ರತಿ ಈಗ ದೊಡ್ಡಪ್ಪನ ಹತ್ರಾನೇ ಇದೆ. ಪಟ್ಟಿಯ ಪಕ್ಕದ ಖಾಲಿ ಜಾಗದಲ್ಲಿ ನೀಲಿ ಪೆನ್ನಿನಲ್ಲಿ ಸೋತವರ ಹೆಸರು ಬರೆಯುತ್ತಿದ್ದಾರೆ. 1978ಕ್ಕೆ ಬಂದು ನಿಂತಿದ್ದಾರೆ, ಹೆಸರು ಬಾಯಿಗೆ ಬರ್ತಿಲ್ವಂತೆ.