ನೆರೆ ಶೆಡ್ಡಿಗೆ ಹೂಂ ಅನ್ನುವ ಮುಂಚೆ ಅಲ್ಲಿನ ಶೌಚಾಲಯ ನೋಡಿ

ಮನೆಯಲ್ಲಿ ಗಾಲಿಕುರ್ಚಿ ಬಳಸುವವರು ಇದ್ದರೆ, ನೆರೆ ಬಂದಾಗ ಕೊಡುವ ತಗಡಿನ ಶೆಡ್ಡಿಗೆ ಸುಮ್ನೆ ತಲೆಯಾಡಿಸಿ ಹೋಗಬೇಡಿ.

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ನಮ್ಮ ಮನೆ ಕುಸಿಯಿತು. ನಮ್ಮಣ್ಣ ಕಬ್ಬಿನ ಟ್ರ್ಯಾಕ್ಟರ್‌ನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವನು. ಸೊಂಟದ ಕೆಳಗೆ ಏನೂ ತಿಳಿಯುವುದಿಲ್ಲ. ಶಾಲೆಯಲ್ಲಿದ್ದ ಪರಿಹಾರ ಕೇಂದ್ರದಲ್ಲಿ ಹೇಗೋ ನಡೆಯಿತು, ಊರ ಹುಡುಗರು ಎತ್ತಿ ಇಳಿಸುತ್ತಿದ್ದರು. ಪಾಡು ಶುರುವಾದದ್ದು ಶೆಡ್ಡಿಗೆ ಹೋದಮೇಲೆ.

"ಎಲ್ಲಾ ಸೌಲಭ್ಯ ಐತಿ, ಬರ್ರಿ" ಅಂತ ಶೆಡ್ ಕೊಡುವ ಅಧಿಕಾರಿಗಳು ಅಂದಿದ್ದರು. ಹೋಗಿ ನೋಡಿದರೆ ಬಾಗಿಲಿಗೆ ಅಡ್ಡಲಾಗಿ ಗೇಣೆತ್ತರದ ಕಬ್ಬಿಣದ ಪಟ್ಟಿ. ಶೌಚಾಲಯ ಸಾಲಿನ ಆ ತುದಿಗೆ, ನಡುವೆ ಬರೀ ಎರೆಮಣ್ಣು. ಆ ಕೆಸರು ಗೊತ್ತಲ್ಲ? ಕುರ್ಚಿಯ ಮುಂದಿನ ಸಣ್ಣ ಗಾಲಿ ಎರಡು ಸುತ್ತು ತಿರುಗುವಷ್ಟರಲ್ಲಿ ಮಣ್ಣಿನ ಉಂಡೆಯಾಗಿ ನಿಂತುಬಿಡುತ್ತದೆ. ಹೊತ್ತುಕೊಂಡು ಹೋದರೂ ಮೆಟ್ಟಿಲು, ಕುರ್ಚಿ ಹಿಡಿಸದ ಬಾಗಿಲು. ಒಳಗೆ ಕಮೋಡ್ ಇಲ್ಲ, ಹಿಡಿಯಲು ಒಂದು ಸರಳೂ ಇಲ್ಲ.

ಅಣ್ಣ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ. ಯಾರಿಗೂ ಹೇಳಲಿಲ್ಲ. ಜ್ವರ ಬಂದು ಮೂತ್ರದ ಸೋಂಕು ಅಂತ ಡಾಕ್ಟರ್ ಹೇಳಿದಾಗಲೇ ನಮಗೆ ಗೊತ್ತಾಗಿದ್ದು. ಗಾಳಿ ಹಾಸಿಗೆ ನೆರೆಯಲ್ಲಿ ಹೋಗಿತ್ತು. ಗಟ್ಟಿ ನೆಲದ ಮೇಲೆ ಮಲಗಿ ಸೊಂಟದ ಹಿಂದೆ ಹುಣ್ಣಾಯಿತು. ನೋವು ತಿಳಿಯದ ಮೈ, ಆದದ್ದೂ ತಡವಾಗಿ ಕಂಡಿತು.

ಕೇಳಲು ಹೋದರೆ "ನಾಲ್ಕು ದಿನದ ಮಾತು, ಹೊಂದ್ಕೊಳ್ರಿ." ಆ ನಾಲ್ಕು ದಿನ ಮುಂದಿನ ಬೇಸಿಗೆಯನ್ನೂ ದಾಟಿತು. ಅವರ ಪಟ್ಟಿಯಲ್ಲಿ ನಮ್ಮ ಮನೆಯ ತಲೆ ಎಣಿಕೆ ಇತ್ತು, ಅಂಗವಿಕಲರು ಇದ್ದಾರೆ ಅಂತ ಮಾತ್ರ ಎಲ್ಲೂ ಬರೆದಿರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಹತ್ತಿರ ಜಿಲ್ಲೆಯ ಅಂಗವಿಕಲರ ವಿವರ ಇರಲೇಬೇಕು. ಇರುತ್ತದೆ ಅಂತ ನಂಬಿ ಕೂರಬೇಡಿ. ಮಳೆಗಾಲಕ್ಕೆ ಮೊದಲೇ ಪಂಚಾಯಿತಿಯ ವಿಆರ್‌ಡಬ್ಲ್ಯೂ (ಅಂಗವಿಕಲರಿಗಾಗಿ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅವರನ್ನು ಕಂಡು ಹೆಸರು, ಯುಡಿಐಡಿ (ಅಂಗವಿಕಲರ ಗುರುತಿನ ಚೀಟಿ) ನಂಬರ್ ಬರೆಸಿ. ಅರ್ಜಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.

ಶೆಡ್ ನೋಡಲು ಹೋಗುವಾಗ ಟೇಪು ಒಯ್ಯಿರಿ. ಬಾಗಿಲು 90 ಸೆಂ.ಮೀ. ಅಗಲ ಇರಬೇಕು. ರ‍್ಯಾಂಪ್ 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಇರಬೇಕು. ಇಟ್ಟಿಗೆ ಮೇಲೆ ಹಲಗೆ ಒರಗಿಸಿ ಇದೇ ರ‍್ಯಾಂಪ್ ಅಂದರೆ ಒಪ್ಪಬೇಡಿ. ನಮಗೆ ಕೊನೆಗೆ ಸಿಕ್ಕಿದ್ದು ಅದೇ. ಮಳೆಯಲ್ಲಿ ಹಲಗೆ ಜಾರಿ ಅಣ್ಣ ಕುರ್ಚಿ ಸಮೇತ ಹಿಂದಕ್ಕೆ ಬಿದ್ದ.

ಅಳತೆ ಸರಿ ಇಲ್ಲ ಅಂದರೆ ಶೆಡ್ ಬೇಡ, ಬಾಡಿಗೆ ಹಣ ಕೊಡಿ ಅಂತ ಕೇಳಿ. 2019ರಲ್ಲಿ ಮನೆ ಕಳೆದುಕೊಂಡವರಿಗೆ ತಿಂಗಳಿಗೆ 5 ಸಾವಿರ ಬಾಡಿಗೆ ಕೊಡುವುದಾಗಿ ಸರ್ಕಾರ ಹೇಳಿತ್ತು. ಮೆಟ್ಟಿಲಿಲ್ಲದ ಒಂದೇ ಕೋಣೆ ಸಿಕ್ಕರೂ ಶೆಡ್ಡಿಗಿಂತ ಎಷ್ಟೋ ವಾಸಿ. ಸ್ಥಳೀಯವಾಗಿ ಯಾರೂ ಕಿವಿಗೆ ಹಾಕಿಕೊಳ್ಳದಿದ್ದರೆ ಫೋಟೊ ಸಮೇತ ಬೆಂಗಳೂರಿನ ಅಂಗವಿಕಲರ ರಾಜ್ಯ ಆಯುಕ್ತರಿಗೆ ಬರೆಯಿರಿ. ಗಾಳಿ ಹಾಸಿಗೆ, ಕ್ಯಾಥೆಟರ್ (ಮೂತ್ರ ತೆಗೆಯುವ ಕೊಳವೆ), ಯುಡಿಐಡಿ ಕಾರ್ಡಿನ ಜೆರಾಕ್ಸ್ ಮಾತ್ರ ಈಗಲೇ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಡಿ. ನೀರು ಬಂದ ರಾತ್ರಿ ಹುಡುಕಲು ಆಗುವುದಿಲ್ಲ.