ಕೌಂಟಿ ಆಟಗಾರನನ್ನು ಅಳೆಯುವ ಮೂರು ದಾರಿ: ಸ್ಕೋರ್‌ಕಾರ್ಡ್, ನೇರಪ್ರಸಾರ, ಮೈದಾನ

ಇಂಗ್ಲೆಂಡ್ ಟೆಸ್ಟ್ ತಂಡಕ್ಕೆ ಯಾರು ಬೇಕು, ಯಾರು ಬೇಡ ಎಂಬ ವಾದ ಹೆಚ್ಚಾಗಿ ಸ್ಕೋರ್‌ಕಾರ್ಡ್‌ನ ಅಂಕಿಗಳ ಮೇಲೆಯೇ ನಡೆಯುತ್ತದೆ. ಎರಡು ಡಿವಿಷನ್‌ಗಳಲ್ಲಿ 18 ಕೌಂಟಿಗಳು (ಇಂಗ್ಲೆಂಡಿನ ದೇಶೀಯ ತಂಡಗಳು) ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ದಿನಗಳ ಪಂದ್ಯಗಳನ್ನಾಡುವಾಗ ಎಲ್ಲವನ್ನೂ ಕಣ್ಣಾರೆ ನೋಡುವುದು ಯಾರಿಂದಲೂ ಆಗದು, ನಿಜ. ಆದರೆ ಲಂಡನ್ನಿನಲ್ಲಿದ್ದುಕೊಂಡು ಮೂರೂ ದಾರಿಗಳಲ್ಲಿ ಈ ಪಂದ್ಯಗಳನ್ನು ನೋಡುತ್ತ ಬಂದಿರುವ ನನ್ನ ಪ್ರಕಾರ, ಬ್ಯಾಟರ್, ಬೌಲರ್, ವಿಕೆಟ್‌ಕೀಪರ್ ಮೂವರನ್ನೂ ಒಂದೇ ದಾರಿಯಲ್ಲಿ ಅಳೆಯಲಾಗದು.

ಬ್ಯಾಟರ್‌ನ ಮಟ್ಟಿಗೆ ಸ್ಕೋರ್‌ಕಾರ್ಡ್ ಸಾಕಷ್ಟು ಹೇಳುತ್ತದೆ, ಚೆಂಡು ಯಾವುದು, ಎದುರಾಳಿ ಯಾರು ಎಂಬುದು ಗೊತ್ತಿದ್ದರೆ. 2025ರಲ್ಲಿ ಓವಲ್‌ನಲ್ಲಿ ಡರ್ಹಮ್ ವಿರುದ್ಧ ಸರ್ರೆ 9 ವಿಕೆಟ್‌ಗೆ 820 ರನ್ ಗಳಿಸಿ ಡಿಕ್ಲೇರ್ ಮಾಡಿಕೊಂಡಾಗ ಡಾಮ್ ಸಿಬ್ಲಿ 305 ಹೊಡೆದರು. ಆ ಸುತ್ತಿನಲ್ಲಿ ಬಳಸಿದ್ದು ಕೌಂಟಿಯಲ್ಲಿ ಮಾಮೂಲಾದ ಡ್ಯೂಕ್ಸ್ ಅಲ್ಲ, ಬೇಗ ಮೆತ್ತಗಾಗುವ ಕೂಕಬುರಾ ಚೆಂಡು. ನಮ್ಮ ಕರುಣ್ ನಾಯರ್ 2023ರ ಸೆಪ್ಟೆಂಬರ್‌ನಲ್ಲಿ ನಾರ್ಥಾಂಪ್ಟನ್‌ಶೈರ್ ಪರವಾಗಿ ಅದೇ ಓವಲ್‌ನಲ್ಲಿ, ಆ ವರ್ಷದ ಚಾಂಪಿಯನ್ ಸರ್ರೆ ವಿರುದ್ಧ ಗಳಿಸಿದ 150 ಸಿಬ್ಲಿಯ 305ರ ಅರ್ಧದಷ್ಟೇ ಇದ್ದರೂ, ನಾನು ಅದಕ್ಕೇ ಹೆಚ್ಚಿನ ಬೆಲೆ ಕೊಡುತ್ತೇನೆ.

ಬೌಲರ್‌ಗೆ ನೇರಪ್ರಸಾರವೇ ಮೇಲು. ಕೌಂಟಿಗಳು ಉಚಿತವಾಗಿ ತೋರಿಸುವ ಚಿತ್ರಕ್ಕೆ ಸಾಮಾನ್ಯವಾಗಿ ಬಿಬಿಸಿ ಸ್ಥಳೀಯ ರೇಡಿಯೋದ ವೀಕ್ಷಕ ವಿವರಣೆ ಸೇರಿರುತ್ತದೆ. ಒಂದೇ ತಂಡವನ್ನು ವರ್ಷವಿಡೀ ನೋಡುವ ಆ ವಿವರಣೆಕಾರರಷ್ಟು ಆಟಗಾರರನ್ನು ಬಲ್ಲವರು ಕಡಿಮೆ. ಸ್ಪಿನ್ನರ್ ಶೋಯಬ್ ಬಶೀರ್ 2024ರ ಭಾರತ ಪ್ರವಾಸಕ್ಕೆ ಆಯ್ಕೆಯಾದಾಗ ಅವರ ಖಾತೆಯಲ್ಲಿದ್ದದ್ದು 6 ಪ್ರಥಮ ದರ್ಜೆ ಪಂದ್ಯಗಳು, 67ರ ಸರಾಸರಿಯಲ್ಲಿ 10 ವಿಕೆಟ್‌ಗಳು. ಇಂಗ್ಲೆಂಡ್ ನಾಯಕನಾಗಿದ್ದ ಬೆನ್ ಸ್ಟೋಕ್ಸ್ ಗಮನ ಸೆಳೆದದ್ದು ಬಶೀರ್ ಅಲಸ್ಟೇರ್ ಕುಕ್‌ಗೆ ಬೌಲಿಂಗ್ ಮಾಡುತ್ತಿದ್ದ ತುಣುಕು ವಿಡಿಯೊ. ಎತ್ತರದಿಂದ ಬರುವ ಚೆಂಡು, ಅದು ಪುಟಿಯುವ ಬಗೆ ಯಾವ ಸರಾಸರಿಯಲ್ಲೂ ಕಾಣುವುದಿಲ್ಲ. ರಾಂಚಿಯಲ್ಲಿ ಅವರು ಒಂದೇ ಇನಿಂಗ್ಸ್‌ನಲ್ಲಿ 5 ವಿಕೆಟ್ ಪಡೆದರು.

ವಿಕೆಟ್‌ಕೀಪರ್‌ನ ವಿಷಯದಲ್ಲಿ ಮಾತ್ರ ಮೈದಾನಕ್ಕೆ ಹೋಗದೆ ಗತಿಯಿಲ್ಲ. ಸರ್ರೆಯಲ್ಲಿ ಗ್ಲೌಸ್ ತೊಡುತ್ತಿದ್ದವರು ಬೆನ್ ಫೋಕ್ಸ್. ಇಂಗ್ಲೆಂಡ್ ಆರಿಸಿದ್ದು ಅದೇ ತಂಡದ ಜೇಮಿ ಸ್ಮಿತ್‌ರನ್ನು. ಇಬ್ಬರಲ್ಲಿ ಯಾರು ಮೇಲಾದ ಕೀಪರ್ ಎಂಬ ವಾದವನ್ನು ಬೈ ರನ್‌ಗಳನ್ನು ಎಣಿಸಿ ತೀರಿಸಲಾಗದು. ನೇರಪ್ರಸಾರದಲ್ಲಿ ಬೌಲರ್ ಬೆನ್ನ ಹಿಂದಿನ ಕ್ಯಾಮೆರಾಕ್ಕೆ ಬ್ಯಾಟರ್‌ನ ಮೈಯೇ ಅಡ್ಡ. ಓವಲ್‌ನಲ್ಲಿ ವಿಕೆಟ್‌ಗೆ ನೇರ ಪಕ್ಕದ ಆಸನದಲ್ಲಿ ಕುಳಿತರೆ, ಸ್ಪಿನ್ನರ್‌ಗೆ ಸ್ಟಂಪ್ ಹತ್ತಿರ ನಿಂತ ಫೋಕ್ಸ್ ಚೆಂಡು ಪುಟಿಯುವವರೆಗೂ ಕುಕ್ಕರುಗಾಲಿನಲ್ಲೇ ಇದ್ದು, ಚೆಂಡಿನೊಂದಿಗೇ ಮೇಲೇಳುವುದು ಕಾಣುತ್ತದೆ; ಕೈಗಳು ಚೆಂಡಿನತ್ತ ನುಗ್ಗದೆ, ತುಸು ಹಿಂದಕ್ಕೆ ಸರಿಯುತ್ತ ಅದನ್ನು ಬರಮಾಡಿಕೊಳ್ಳುತ್ತವೆ. ಅಲ್ಲಿಂದಲೇ ಇನ್ನೊಂದು ಸಂಗತಿಯೂ ತಿಳಿಯುತ್ತದೆ: ವೇಗಿಯ ಮೂರನೆಯ ಸ್ಪೆಲ್‌ನಲ್ಲಿ ಕೀಪರ್ ಎಷ್ಟು ಹೆಜ್ಜೆ ಮುಂದೆ ಬಂದು ನಿಂತಿದ್ದಾರೆ ಎಂಬುದೇ ವೇಗ ಎಷ್ಟು ಕುಂದಿದೆ ಎಂಬುದರ ಅಳತೆ.

ಸ್ಮಿತ್‌ರ ಬ್ಯಾಟಿಂಗ್ ಬಗ್ಗೆ ನನಗೆ ತಕರಾರಿಲ್ಲ. 2025ರಲ್ಲಿ ಎಜ್‌ಬಾಸ್ಟನ್‌ನಲ್ಲಿ ಭಾರತದ ವಿರುದ್ಧ ಅವರು ಗಳಿಸಿದ ಅಜೇಯ 184 ಇಂಗ್ಲೆಂಡ್ ಕೀಪರ್ ಒಬ್ಬರ ಅತ್ಯಧಿಕ ಟೆಸ್ಟ್ ಮೊತ್ತ. ತವರಿನಲ್ಲಿ ಅವರೇ ಇರಲಿ. ಆದರೆ ಚೆಂಡು ತಿರುಗುವ ಪಿಚ್‌ಗಳಿಗೆ ಹೊರಡುವ ತಂಡವನ್ನು ನಾನು ಆರಿಸುವುದಾದರೆ ಸ್ಟಂಪ್‌ಗಳ ಹಿಂದೆ ಫೋಕ್ಸ್ ನಿಲ್ಲುತ್ತಾರೆ, ಸ್ಮಿತ್ ಬರಿಯ ಬ್ಯಾಟರ್ ಆಗಿ ಆಡುತ್ತಾರೆ. ಸರ್ರೆ ತಂಡ ಇವರಿಬ್ಬರನ್ನೂ ಹೀಗೆಯೇ ಆಡಿಸಿ ಪ್ರಶಸ್ತಿ ಗೆದ್ದಿದೆ.